ಹಾರದೇ ಉಳಿದ ಇಂಜಿನ್

ಜಪಾನಿನ ಕಸುಮಿಗೌರಾ ಸರೋವರದ ದಂಡೆಯ ಹಳೆಯ ತಾಂತ್ರಿಕ ಶಾಲೆಯೊಂದರ ಶೆಡ್ಡನ್ನು ಕೆಡವಲು ಹೊರಟಾಗ, ಮುರಿದ ಬೆಂಚುಗಳ ಹಿಂದೆ, ಟಾರ್ಪಾಲಿನ್ ಹೊದಿಕೆಯ ಕೆಳಗೆ ಆ ಇಂಜಿನ್ ಸಿಕ್ಕಿತು. ಅದು 2020ರ ಅಕ್ಟೋಬರ್ ತಿಂಗಳು. ಶಾಲೆಯವರು ಅದನ್ನು ಯಾವುದೋ ಬಾಯ್ಲರಿನ ತುಂಡು ಎಂದೇ ತಿಳಿದಿದ್ದರು. ಊರಿನ ಸಣ್ಣ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಒನೊಡೆರಾ ಸಾನ್ ಎಂಬ ಮಧ್ಯವಯಸ್ಸಿನ ಹೆಂಗಸು ಬಂದು, ಮಂಡಿಯೂರಿ, ಹಿಂಬದಿಯ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿದರು. ಚಕ್ರದ ಸುತ್ತ ಸಾಲಾಗಿ ನಿಂತ ಬ್ಲೇಡುಗಳು ಕಂಡವು. ಒಂದು ಕಡೆ ಬ್ಲೇಡು ಬುಡದ ಹತ್ತಿರವೇ ಮುರಿದು, ಹಲ್ಲು ಬಿದ್ದ ಬಾಯಿಯ ಹಾಗೆ ಕಿಂಡಿಯಾಗಿತ್ತು.

ಎರಡನೇ ಮಹಾಯುದ್ಧದ ಕೊನೆಯ ವರ್ಷ ಜಪಾನಿನ ನೌಕಾಪಡೆ ಪ್ರಯೋಗಕ್ಕೆಂದು ಮಾಡಿಸಿದ ಜೆಟ್ ಇಂಜಿನ್‌ಗಳಲ್ಲಿ ಅದೊಂದು. ಜರ್ಮನಿಯಿಂದ ಬರಬೇಕಿದ್ದ ನಕ್ಷೆಗಳು ಜಲಾಂತರ್ಗಾಮಿಯ ಜೊತೆಗೇ ಸಮುದ್ರದ ಪಾಲಾಗಿದ್ದವು. ಕೈಗೆ ಸಿಕ್ಕಿದ್ದ ಅರೆಬರೆ ಚಿತ್ರ ನೋಡಿಕೊಂಡೇ ಇಲ್ಲಿನವರು ಅದನ್ನು ಕಟ್ಟಿದ್ದರು. ಇಂಜಿನ್ನಿನ ಒಳಗಿನ ಕಾವು ತಡೆಯುವ ಉಕ್ಕಿಗೆ ನಿಕಲ್ ಬೇಕಿತ್ತು, ಆದರೆ ದೇಶದಲ್ಲಿ ನಿಕಲ್ ಮುಗಿಯುತ್ತ ಬಂದಿತ್ತು. ಇದ್ದ ಉಕ್ಕಿನಲ್ಲೇ ಬ್ಲೇಡು ಮಾಡಿದರು. ಬ್ಲೇಡುಗಳು ಬಿರುಕು ಬಿಟ್ಟವು.

ಬಿರುಕು ಎಂದರೆ ಕುಮುದಾಳ ಕೆಲಸ. ಮೈಸೂರಿನ ಅವಳು ತ್ಸುಕುಬಾದ ಸಂಶೋಧನಾ ಸಂಸ್ಥೆಯೊಂದಕ್ಕೆ ಬಂದು ಹನ್ನೊಂದನೇ ವರ್ಷ. ಲೋಹಗಳು ಯಾಕೆ ದಣಿಯುತ್ತವೆ, ದಣಿದದ್ದು ಎಲ್ಲಿಂದ ಮುರಿಯಲು ಶುರುವಾಗುತ್ತದೆ ಎಂದು ನೋಡುವುದು ಅವಳ ವೃತ್ತಿ. ಗಂಡ ಮಧುಕರ್ ಟೋಕಿಯೋದ ಸಾಫ್ಟ್‌ವೇರ್ ಕಂಪನಿಯವನು; ಕೊರೊನಾ ಬಂದ ಮೇಲೆ ರೈಲು ಹತ್ತುವುದು ನಿಂತು, ಅಡುಗೆಮನೆಯ ಮೇಜೇ ಅವನ ಆಫೀಸಾಗಿತ್ತು. ಇಂಜಿನ್ ಪ್ರದರ್ಶನಕ್ಕೆ ಇಡುವಷ್ಟು ಗಟ್ಟಿಯಾಗಿದೆಯೇ, ಮುಟ್ಟಿದರೆ ಉದುರುತ್ತದೆಯೇ ಎಂದು ಪರೀಕ್ಷಿಸಿಕೊಡಲು ಮ್ಯೂಸಿಯಂ ಕೇಳಿಕೊಂಡಾಗ, ಸಂಸ್ಥೆ ಆ ಕೆಲಸವನ್ನು ಕುಮುದಾಳಿಗೆ ಒಪ್ಪಿಸಿತು.

ಅವಳು ಸೈಕಲ್ ಹತ್ತಿ ಪ್ರಯೋಗಶಾಲೆಗೆ ಹೋಗುತ್ತಿದ್ದಳು. ಅರ್ಧ ಜನರೂ ಇಲ್ಲದ ಕಟ್ಟಡ. ದೊಡ್ಡ ಹಾಲ್‌ನಲ್ಲಿ ಅವಳು ಮತ್ತು ಆ ಇಂಜಿನ್. ಮೊದಮೊದಲು ಅವಳಿಗೆ ಅದು ಇನ್ನೊಂದು ಸ್ಯಾಂಪಲ್ ಅಷ್ಟೇ. ನೋಡುತ್ತ ಹೋದಂತೆ ಒಂದು ವಿಷಯ ಕಾಡತೊಡಗಿತು. ಅವಳು ಈವರೆಗೆ ನೋಡಿದ ಯಂತ್ರಗಳನ್ನೆಲ್ಲ ವರ್ಷಗಟ್ಟಲೆ ಬಾಳಲಿ ಎಂದು ಮಾಡಿದ್ದರು. ಇದನ್ನು ಮಾಡಿದವರಿಗೆ ಆ ಆಸೆಯೇ ಇದ್ದಂತಿರಲಿಲ್ಲ. ಬೇರಿಂಗ್‌ಗೆ ಎಣ್ಣೆ ಹೋಗುವ ದಾರಿ ಸಣ್ಣ. ಸವೆದರೆ ಬದಲಿಸಲು ಜಾಗವನ್ನೇ ಬಿಟ್ಟಿರಲಿಲ್ಲ. ಕೆಲವೇ ಗಂಟೆ ಓಡಿದರೆ ಸಾಕೆಂಬ ಲೆಕ್ಕ.

ಈ ಮಾತನ್ನು ಅವಳು ಒನೊಡೆರಾ ಸಾನ್‌ಗೆ ಹೇಳಿದಳು. ಅವರು, "ಇದನ್ನು ಹಾಕಬೇಕಿದ್ದ ವಿಮಾನ ಹೋಗಿ ಹಡಗಿಗೆ ಡಿಕ್ಕಿ ಹೊಡೆಯಲಿಕ್ಕೆ ಕುಮುದಾ ಸಾನ್. ವಾಪಸ್ ಬರಲಿಕ್ಕಲ್ಲ," ಎಂದರು.

ಜನವರಿಯಲ್ಲಿ ಊರಿನ ಪತ್ರಿಕೆಯಲ್ಲಿ ಇಂಜಿನ್ ಸಿಕ್ಕಿದ ಸುದ್ದಿ ಬಂತು. ಮರುದಿನವೇ ಮ್ಯೂಸಿಯಂಗೆ ಒಂದು ಫೋನ್. ವೃದ್ಧಾಶ್ರಮದಲ್ಲಿದ್ದ ತೊಂಬತ್ನಾಲ್ಕರ ಕುರಾಮೊಚಿ ಸಾನ್ ಇಂಜಿನ್ ನೋಡಬೇಕು ಎನ್ನುತ್ತಿದ್ದರು. ಅಲ್ಲಿ ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ, ಒಳಗಿನವರನ್ನು ಹೊರಗೆ ಕಳಿಸುತ್ತಿರಲಿಲ್ಲ. ಕೊನೆಗೆ ಟ್ಯಾಬ್ಲೆಟ್‌ನಲ್ಲಿ ವಿಡಿಯೋ ಕರೆಗೆ ಏರ್ಪಾಡಾಯಿತು.

ಪರದೆಯ ಮೇಲೆ ಮೊದಲು ಕಂಡದ್ದು ಬೋಳು ಹಣೆ, ದಪ್ಪ ಹುಬ್ಬು. ನಮಸ್ಕಾರಕ್ಕೂ ಮೊದಲು ಅವರು ಕೇಳಿದರು: "ಬ್ಲೇಡು ಮುರಿದಿದೆಯಾ?"

"ಮುರಿದಿದೆ. ಒಂದು," ಎಂದಳು ಕುಮುದಾ. ಪತ್ರಿಕೆಯಲ್ಲಿ ಆ ವಿಷಯ ಬಂದಿರಲಿಲ್ಲ.

"ಹಾಗಾದರೆ ನಿಜ."

ಅವರ ಇಬರಾಕಿ ಸೀಮೆಯ ಹಳ್ಳಿಮಾತು ಅವಳಿಗೆ ಪೂರ್ತಿ ಹಿಡಿಯುತ್ತಿರಲಿಲ್ಲ. ತಿಳಿಯದಲ್ಲಿ ಒನೊಡೆರಾ ಸಾನ್ ಬಿಡಿಸಿ ಹೇಳುತ್ತಿದ್ದರು. ಹದಿನೆಂಟನೇ ವಯಸ್ಸಿನಲ್ಲಿ ಕುರಾಮೊಚಿ ಸಾನ್ ಸರೋವರದ ಆಚೆಯ ನೌಕಾ ವಾಯುನೆಲೆಯಲ್ಲಿ ಪೈಲಟ್ ತರಬೇತಿಯಲ್ಲಿದ್ದರು. ಹೊಸ ವಿಮಾನಕ್ಕೆಂದು ಆರಿಸಿದವರಲ್ಲಿ ಅವರಿದ್ದರು, ಅವರ ಪಕ್ಕದ ಹಾಸಿಗೆಯ ಯಾಗುಚಿಯೂ ಇದ್ದ. ಪ್ರೊಪೆಲ್ಲರ್ ಇಲ್ಲದ ವಿಮಾನವಂತೆ ಎಂದು ಎಲ್ಲರಿಗೂ ಕುತೂಹಲ. ವಿಮಾನ ಬರಲಿಲ್ಲ. ಜುಲೈಯಲ್ಲಿ ಅಧಿಕಾರಿಯೊಬ್ಬ ಸಾಲಾಗಿ ನಿಲ್ಲಿಸಿ, ಪರೀಕ್ಷೆಯಲ್ಲಿ ಇಂಜಿನ್ನಿನ ಬ್ಲೇಡು ಮುರಿದಿದೆ, ಇನ್ನೊಂದು ತಿಂಗಳು ಕಾಯಬೇಕು ಎಂದ.

"ಯಾಗುಚಿಗೆ ಕಾಯುವುದು ಆಗಲಿಲ್ಲ," ಎಂದರು ಕುರಾಮೊಚಿ ಸಾನ್. "ಊಟ ಮಾಡಿಕೊಂಡು ಸುಮ್ಮನೆ ಕೂತಿರುವುದು ನಾಚಿಕೆ ಅಂದ. ಬೇರೆ ತುಕಡಿಗೆ ಹೆಸರು ಕೊಟ್ಟ. ಹಳೆಯ ತರಬೇತಿ ವಿಮಾನದಲ್ಲೇ ಕಳಿಸಿದರು. ನಾನು ಇಂಜಿನ್‌ಗೆ ಕಾದೆ. ಆಗಸ್ಟ್‌ನಲ್ಲಿ ಯುದ್ಧ ಮುಗಿಯಿತು. ನಮ್ಮ ಮನೆ ಹತ್ತಿರವೇ ಇತ್ತು, ನಡೆದುಕೊಂಡೇ ಹೋದೆ. ಅಮ್ಮ ತಾವರೆಗೆಡ್ಡೆ ಕೀಳುತ್ತಿದ್ದಳು."

ಆಮೇಲೆ ಬದುಕೆಲ್ಲ ಅವರೂ ಆ ಕೆಸರುಗದ್ದೆಯಲ್ಲಿ ತಾವರೆಗೆಡ್ಡೆಯನ್ನೇ ಬೆಳೆದರಂತೆ.

"ನನ್ನನ್ನು ಉಳಿಸಿದ್ದು ಇದೇ ಇಂಜಿನ್ನಾ, ಸೆನ್ಸೇ?" ಎಂದರು, ಓದಿದವರನ್ನು ಕರೆಯುವ ಗೌರವದ ಮಾತಿನಲ್ಲಿ.

ಹೌದು ಎಂದುಬಿಡುವುದು ಸುಲಭವಿತ್ತು. ಕುಮುದಾ ಹಾಗೆನ್ನಲಿಲ್ಲ. "ಗೊತ್ತಿಲ್ಲ. ಇಂಥವು ಹಲವು ಇದ್ದವು, ಬಹುಶಃ ಎಲ್ಲವೂ ಬಿರುಕು ಬಿಟ್ಟಿದ್ದವು. ಒಳಗಿನದನ್ನು ದೊಡ್ಡ ಎಕ್ಸ್‌ರೇ ಯಂತ್ರದಲ್ಲಿ ನೋಡಬೇಕು. ಆಮೇಲೆ ತಿಳಿದಷ್ಟು ಹೇಳುತ್ತೇನೆ," ಎಂದಳು. ಮುದುಕ ತಲೆಬಾಗಿದರು. ಪರದೆಯಲ್ಲಿ ಹಣೆ ಮಾತ್ರ ಉಳಿಯಿತು.

ಆ ಯಂತ್ರ ಸಿಗುವುದು ಕಷ್ಟ; ಸಿಕ್ಕಿದ್ದು ಏಪ್ರಿಲ್ ಮೂರನೇ ವಾರಕ್ಕೆ. ಅದೇ ವಾರ ಮೈಸೂರಿನಲ್ಲಿ ಅವಳ ಅಕ್ಕನ ಮಗ ಭುವನ್‌ನ ಮದುವೆ. ಕುಮುದಾ ಹೊರಡಲು ಟಿಕೆಟ್ ಮಾಡಿಸಿಯಾಗಿತ್ತು. ಮೂರು ರಾತ್ರಿ ಯೋಚಿಸಿ ರದ್ದು ಮಾಡಿದಳು. ವಾಪಸ್ ಬಂದ ಮೇಲೆ ಹದಿನಾಲ್ಕು ದಿನ ಮನೆಯಲ್ಲೇ ಬಂಧಿಯಾಗಿರಬೇಕು, ನಿಯಮ ಬದಲಾದರೆ ಒಳಗೇ ಬಿಡದೇ ಇರಬಹುದು — ಇವೆಲ್ಲ ಕಾರಣಗಳೇ. ಆದರೆ ಆ ಬಿರುಕನ್ನು ತಾನೇ ನೋಡಬೇಕೆಂಬ ಆಸೆಯೂ ಇತ್ತೆಂದು ಅವಳಿಗೆ ಗೊತ್ತಿತ್ತು.

ಅಕ್ಕ ವಸುಂಧರಾ ಫೋನಿನಲ್ಲಿ ಸಿಡಿದಳು. "ಏನೇ ಕುಮ್ಮಿ, ಒಂದು ತುಕ್ಕು ಹಿಡಿದ ಇಂಜಿನ್‌ಗೋಸ್ಕರ ಭುವನ್ ಮದ್ವೆ ತಪ್ಪಿಸ್ತಿದ್ಯಾ? ಅಮ್ಮ ಹೋದ್ಮೇಲೆ ನಮ್ಮ ಕಡೆಯಿಂದ ಅಂತ ಇರೋದೇ ನೀನು."

"ಹಾಗಲ್ಲ ಅಕ್ಕ, ಕೇಸಸ್ ಬೇರೆ ಜಾಸ್ತಿ ಆಗ್ತಿದೆ. ರಿಟರ್ನ್ ಬರೋಕೆ ಆಗದೇ ಹೋದ್ರೆ?"

"ಎಲ್ಲಾರೂ ಮಾಸ್ಕ್ ಹಾಕ್ಕೊಂಡೇ ಇರ್ತೀವಿ. ಸಣ್ಣ ಮದ್ವೆ. ಹೋಗ್ಲಿ ಬಿಡು, ಲೈವ್‌ನಲ್ಲಿ ನೋಡು." ಆಮೇಲೆ ಮೆತ್ತಗಾದಳು. "ನಿನ್ನ ಸೀರೆ ತೆಗೆದಿಟ್ಟಿರ್ತೀನಿ. ನೇರಳೆ ಬಣ್ಣ. ನೀನು ಬಂದಾಗ ಉಡುವೆಯಂತೆ."

ಧಾರೆಯ ದಿನ ಕುಮುದಾ ಪ್ರಯೋಗಶಾಲೆಯ ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಮದುವೆ ನೋಡಿದಳು. ಚಿತ್ರ ನಿಂತು ನಿಂತು ಬರುತ್ತಿತ್ತು. ಒಳಗೆ ಯಂತ್ರ ಇಂಜಿನ್ನಿನ ಒಡಲನ್ನು ಪದರ ಪದರವಾಗಿ ತೆರೆಯುತ್ತಿತ್ತು. ಮುರಿದ ಬ್ಲೇಡಷ್ಟೇ ಅಲ್ಲ, ಇನ್ನೂ ಮೂರು ಬ್ಲೇಡುಗಳ ಬುಡದಲ್ಲಿ ಬಿರುಕುಗಳು ಹೊರಟಿದ್ದವು. ಇನ್ನೊಂದಿಷ್ಟು ಓಡಿಸಿದ್ದರೆ ಅವೂ ಮುರಿಯುತ್ತಿದ್ದವು. ಅವಳು ಅಂದು ಸಂತೋಷಪಟ್ಟಳು, ಮದುವೆಗೂ, ಬಿರುಕಿಗೂ.

ಐದನೇ ದಿನ ವಸುಂಧರಾಳಿಗೆ ಜ್ವರ. ಭುವನ್‌ಗೂ ಮದುಮಗಳಿಗೂ ಬಂದು ಬಿಟ್ಟುಹೋಯಿತು. ಭಾವನದು ಉಸಿರಾಟದವರೆಗೆ ಹೋಗಿ ಹಿಂದಕ್ಕೆ ಬಂತು. ವಸುಂಧರಾಳದು ಹಿಂದಕ್ಕೆ ಬರಲಿಲ್ಲ. ಮೇ ಮೊದಲ ವಾರ ಮೈಸೂರಿನ ಆಸ್ಪತ್ರೆಯಿಂದ ಅವಳ ದೇಹವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ನೇರವಾಗಿ ಚಿತಾಗಾರಕ್ಕೆ ಒಯ್ದರು. ಭುವನ್ ಫೋನ್ ಹಿಡಿದಿದ್ದ. ಕುಮುದಾಳಿಗೆ ಹೆಚ್ಚಾಗಿ ಕಂಡದ್ದು ನೆಲ, ಯಾರದೋ ನೀಲಿ ಬೂಟು, ಮತ್ತೆ ಆಕಾಶ. ಅದಾದ ಕೆಲವೇ ದಿನಕ್ಕೆ ಭಾರತದಿಂದ ಬರುವವರಿಗೆ ಜಪಾನ್ ಬಾಗಿಲು ಮುಚ್ಚಿತು.

ಫೋನ್ ಮಾಡಿದ ಬಂಧುಗಳದೆಲ್ಲ ಒಂದೇ ಮಾತು. "ಸದ್ಯ, ನೀನು ಬರ್ಲಿಲ್ಲ. ಒಳ್ಳೇದೇ ಆಯ್ತು."

ಮಧುಕರ್ ಕೂಡ ಒಂದು ಸಂಜೆ ಅದನ್ನೇ ಹೇಳಿದ. ಅವಳಿಗೆ ಸಮಾಧಾನ ಮಾಡಲೆಂದೇ. "ನೀನೂ ಹೋಗಿದ್ರೆ ಕುಮುದಾ... ನಂಗೆ ಯೋಚ್ನೆ ಮಾಡೋಕೂ ಆಗಲ್ಲ. ಆ ಇಂಜಿನ್ ನಿನ್ನ ಉಳಿಸ್ತು ಅನ್ಕೊ."

"ದಯವಿಟ್ಟು ಹಾಗನ್ಬೇಡ ಮಧು," ಎಂದಳು. ತೊಳೆಯುತ್ತಿದ್ದ ಪಾತ್ರೆ ಬಿಟ್ಟು, ಕೈ ಒರೆಸಿಕೊಳ್ಳದೆ ಬಾಲ್ಕನಿಗೆ ಹೋಗಿ ನಿಂತಳು. "ಅಕ್ಕ ಸತ್ತಿದ್ದಾಳೆ. ಎಲ್ರೂ ನಾನು ಬದುಕಿರೋ ವಿಷ್ಯನೇ ಮಾತಾಡ್ತಾರೆ."

ಆ ಬೇಸಿಗೆ ಅವಳು ಇಂಜಿನ್ ಇದ್ದ ಹಾಲ್‌ಗೆ ಕಾಲಿಡಲಿಲ್ಲ. ಬೇರೆ ಕೆಲಸ ಮಾಡಿದಳು. ವರದಿ ಯಾವಾಗ ಎಂದು ಒನೊಡೆರಾ ಸಾನ್ ಒಮ್ಮೆಯೂ ಕೇಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಮಾತ್ರ ಒಂದು ಸಣ್ಣ ಸಂದೇಶ ಕಳಿಸಿದರು: ಕುರಾಮೊಚಿ ಸಾನ್ ಈಗ ಹಾಸಿಗೆಯಲ್ಲೇ ಹೆಚ್ಚು ಇರುತ್ತಾರೆ, ಆದರೂ ವಾರಕ್ಕೊಮ್ಮೆ ಫೋನ್ ಮಾಡಿ ಭಾರತದ ಸೆನ್ಸೇ ಚೆನ್ನಾಗಿದ್ದಾರಾ ಎಂದು ಕೇಳುತ್ತಾರೆ. ಇಂಜಿನ್ ವಿಷಯ ಕೇಳುವುದಿಲ್ಲ.

ಕುಮುದಾ ಅದನ್ನು ಓದಿ ಮರುದಿನವೇ ಹಾಲ್‌ಗೆ ಹೋದಳು. ಮುರಿದ ಬ್ಲೇಡಿನ ಬುಡ ಚಕ್ರದಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ವಾರವೇ ಹಿಡಿಯಿತು. ಹಳೆಯ ಎಣ್ಣೆ ಗಟ್ಟಿಯಾಗಿ ಮುಚ್ಚಿಕೊಂಡಿದ್ದರಿಂದ ಮುರಿದ ಮೈ ತುಕ್ಕು ತಿಂದಿರಲಿಲ್ಲ. ಅದರ ಮೇಲೆ ಒಂದರ ಪಕ್ಕ ಒಂದು ಬಾಗಿದ ಗೆರೆಗಳು, ಅಲೆ ಹಿಂದೆ ಸರಿದಾಗ ಮರಳಿನಲ್ಲಿ ಉಳಿಯುವಂಥವು. ಇಂಜಿನ್ ಪ್ರತಿ ಸಲ ಓಡಿದಾಗಲೂ ಬಿರುಕು ಅಷ್ಟಷ್ಟೇ ಮುಂದುವರಿದಿತ್ತು.

ನವೆಂಬರ್‌ನಲ್ಲಿ ಸೋಂಕು ಇಳಿದು, ವೃದ್ಧಾಶ್ರಮ ಕಿಟಕಿಯ ಭೇಟಿಗೆ ಒಪ್ಪಿತು. ಮ್ಯೂಸಿಯಂನ ಅನುಮತಿ ಪಡೆದು ಕುಮುದಾ ಬ್ಲೇಡಿನ ತುಂಡನ್ನು ಸ್ಪಂಜಿನ ಡಬ್ಬಿಯಲ್ಲಿಟ್ಟುಕೊಂಡು, ಒನೊಡೆರಾ ಸಾನ್‌ರ ಕಾರಿನಲ್ಲಿ ಹೋದಳು. ಬಿಸಿಲಿನ ಬೆಳಗ್ಗೆ. ಆಚೆ ತಾವರೆಗದ್ದೆಗಳು ಒಣಗಿ ಕಂದುಬಣ್ಣಕ್ಕೆ ತಿರುಗಿದ್ದವು. ಅಂಗಳದಲ್ಲಿ ಹಾಕಿದ ಕುರ್ಚಿಯ ಮೇಲೆ ಕುಮುದಾ ಕೂತಳು. ಗಾಜಿನ ಒಳಗೆ ಗಾಲಿಕುರ್ಚಿಯಲ್ಲಿ ಕುರಾಮೊಚಿ ಸಾನ್. ಮಾತಿಗೆ ಎರಡೂ ಕಡೆ ಫೋನ್.

ಅವಳು ತುಂಡನ್ನು ಗಾಜಿಗೆ ಹತ್ತಿರ ಹಿಡಿದಳು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಅವರು ಕಣ್ಣು ಕಿರಿದು ಮಾಡಿಕೊಂಡು ನೋಡಿದರು.

"ಇಲ್ಲಿಂದ ಶುರುವಾಗಿದೆ," ಎಂದು ಅವಳು ತೋರಿಸಿದಳು. "ಯಾರೋ ತಪ್ಪು ಮಾಡಿದ್ದಲ್ಲ. ಉಕ್ಕಿಗೆ ಆ ಶಕ್ತಿ ಇರಲಿಲ್ಲ, ಅಷ್ಟೇ. ಮುರಿದದ್ದು ಯಾವ ತಿಂಗಳು ಅಂತ ಇದರಿಂದ ಗೊತ್ತಾಗುವುದಿಲ್ಲ. ಇದೇ ಆ ಇಂಜಿನ್ ಅಂತ ಹೇಳಲಾರೆ. ಕ್ಷಮಿಸಿ."

"ನೀವು ಸುಳ್ಳು ಹೇಳಲಿಲ್ಲ. ಅದಕ್ಕೆ ಅರಿಗಾತೋ." ಗಾಜಿನ ಮೇಲೆ, ತುಂಡು ಇದ್ದ ಕಡೆ, ಅವರು ಬೆರಳಿಟ್ಟರು. "ನೋಡಿದರೆ ಕೈಮುಗಿಯಬೇಕು ಅಂತ ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಈಗ ನೋಡಿದರೆ ಬರೀ ಕಬ್ಬಿಣ. ಅದಕ್ಕೆ ನನ್ನ ಹೆಸರು ಗೊತ್ತಿರಲಿಲ್ಲ. ಯಾಗುಚಿಯ ಹೆಸರೂ ಗೊತ್ತಿರಲಿಲ್ಲ."

ಕುಮುದಾ ತುಂಡನ್ನು ಡಬ್ಬಿಗೆ ಹಾಕಿದಳು. ಮುಚ್ಚಳ ಹಾಕಲು ಹೋಗಿ ಕೈ ನಿಂತಿತು.

"ನಿಮ್ಮ ಮನೆಯಲ್ಲಿ ಯಾರೋ ಹೋದರು ಅಂತ ಒನೊಡೆರಾ ಸಾನ್ ಹೇಳಿದರು," ಎಂದರು ಅವರು.

"ಅಕ್ಕ." ಅವಳು ಮದುವೆಯ ವಿಷಯ ಹೇಳಿದಳು. ಹೊರಡದೇ ಉಳಿದದ್ದು ಯಾತಕ್ಕೆಂದೂ ಹೇಳಿದಳು. ಬಾರದೇ ಇದ್ದದ್ದು ಒಳ್ಳೆಯದಾಯಿತು ಎಂದು ಜನ ಹೇಳುತ್ತಿರುವುದನ್ನೂ ಹೇಳುವಾಗ ಜಪಾನಿ ಮಾತು ತಡವರಿಸಿ, ಎರಡು ಸಲ ನಿಲ್ಲಿಸಬೇಕಾಯಿತು.

ಮುದುಕ ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡು ಕೇಳಿದರು. ಆಮೇಲೆ ಹೇಳಿದರು: "ಯುದ್ಧ ಮುಗಿದ ಮೇಲೆ ಯಾಗುಚಿಯ ಅಮ್ಮನನ್ನು ನೋಡಲು ಹೋದೆ. ನೀನಾದರೂ ಉಳಿದೆಯಲ್ಲ, ಒಳ್ಳೆಯದಾಯಿತು ಅಂದಳು. ಪ್ರತಿ ವರ್ಷ ಗೆಡ್ಡೆ ಕಟ್ಟಿಕೊಂಡು ಹೋಗುತ್ತಿದ್ದೆ. ಪ್ರತಿ ವರ್ಷ ಅದೇ ಮಾತು. ಚಹಾ ಕೊಡುತ್ತಿದ್ದಳು. ಒಳ್ಳೆಯ ಹೆಂಗಸು. ಆದರೆ ಆ ಮಾತು ಬಂದ ಮೇಲೆ ಮುಂದೆ ಏನು ಹೇಳುವುದು? ನನಗೆ ಯಾಗುಚಿಯ ವಿಷಯ ಹೇಳಬೇಕಿತ್ತು. ಅವನು ನಿದ್ದೆಯಲ್ಲಿ ಹಾಡುತ್ತಿದ್ದ. ಉಪ್ಪಿನಕಾಯಿ ಕದಿಯುತ್ತಿದ್ದ. ಹೊರಡುವ ಬೆಳಗ್ಗೆ ನನ್ನ ಸಾಕ್ಸ್ ಹಾಕಿಕೊಂಡು ಹೋದ, ತನ್ನದು ತೂತು ಅಂತ. ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ. ಅವಳು ಸತ್ತುಹೋದಳು."

ಒಳಗೆ ನರ್ಸ್ ಬಂದು ಸಮಯವಾಯಿತೆಂದು ಸನ್ನೆ ಮಾಡಿದಳು. ಅವರು ಕೈಯೆತ್ತಿ ತಡೆದರು.

"ನಿಮ್ಮ ಅಕ್ಕನ ಹೆಸರೇನು?"

"ವಸುಂಧರಾ."

"ವಾ-ಸುನ್-ದಾ-ರಾ ಸಾನ್." ಕಷ್ಟಪಟ್ಟು, ಒಂದೊಂದೇ ಅಕ್ಷರ ಹೇಳಿದರು. "ಹೇಗಿದ್ದರು?"

ಆರು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ. ಕುಮುದಾ ಬಾಯಿ ತೆರೆದಳು. ಅಕ್ಕ ಜೋರಾಗಿ ಮಾತಾಡುತ್ತಿದ್ದಳು, ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುತ್ತಿದ್ದಳು, ನನಗೆ ಗಣಿತ ಹೇಳಿಕೊಟ್ಟವಳು ಅವಳೇ, ಮನೆಯಲ್ಲಿ ಅವಳನ್ನು ಮಾತ್ರ ಓದಲು ಬಿಡಲಿಲ್ಲ ಎಂದು ಹೇಳುತ್ತ ಹೋದಳು. ಮಾಸ್ಕ್ ಒದ್ದೆಯಾಯಿತು. ನರ್ಸ್ ಬಾಗಿಲ ಬಳಿ ಕಾಯುತ್ತ ನಿಂತೇ ಇದ್ದಳು.

ಕುಮುದಾ ಹೊಸ ವರ್ಷಕ್ಕೆ ಮೊದಲು ವರದಿ ಮುಗಿಸಿ ಕೊಟ್ಟಳು. ಮ್ಯೂಸಿಯಂ ಸಮಿತಿಯ ಕೆಲವರಿಗೆ ಹೊಸ ಬ್ಲೇಡು ಮಾಡಿಸಿ ಕಿಂಡಿ ತುಂಬಿಸಬೇಕೆಂಬ ಆಸೆಯಿತ್ತು. ಇಂಜಿನ್ ಇಡಿಯಾಗಿದ್ದರೆ ನೋಡಲು ಚೆನ್ನ, ದೇಶದ ಮೊದಮೊದಲ ಜೆಟ್‌ಗಳಲ್ಲಿ ಒಂದು ಎಂಬ ಹೆಮ್ಮೆಯೂ ಇದೆ ಎಂದರು. ಕುಮುದಾಳನ್ನು ಸಭೆಗೆ ಕರೆದಿದ್ದರು. ಅವಳು ನಿಂತುಕೊಂಡು, "ಇಂಥವು ಮುರಿದದ್ದರಿಂದ ಕೆಲವರು ಮನೆಗೆ ಹೋದರು. ತುಂಬಿಸಿದರೆ ಅದು ಕಾಣುವುದಿಲ್ಲ," ಎಂದು ಹೇಳಿ ಕೂತಳು. ಒನೊಡೆರಾ ಸಾನ್ ಅವಳ ಮಾತಿಗೆ ದನಿಗೂಡಿಸಿದರು. ಕಿಂಡಿ ಹಾಗೇ ಉಳಿಯಿತು.

ಏಪ್ರಿಲ್‌ನಲ್ಲಿ ಮ್ಯೂಸಿಯಂ ಬಾಗಿಲು ತೆರೆದ ಮೇಲೆ, ಜನ ಇಲ್ಲದ ಒಂದು ಮಧ್ಯಾಹ್ನ ಕುರಾಮೊಚಿ ಸಾನ್‌ರನ್ನು ಅವರ ಮಗಳು ಕರೆತಂದಳು. ಗಾಲಿಕುರ್ಚಿ ಇಂಜಿನ್ನಿನ ಸುತ್ತ ಒಂದು ಸುತ್ತು ಹಾಕಿತು. "ಇಷ್ಟು ಸಣ್ಣದಾ?" ಎಂದರು ಅವರು, ಸ್ವಲ್ಪ ಮೋಸಹೋದವರಂತೆ. ಆಮೇಲೆ ಹಸಿವಾಗಿದೆ, ಸೋಬಾ ನೂಡಲ್ಸ್ ತಿನ್ನಬೇಕು ಎಂದರು. ಕುಮುದಾಳೂ ಅವರ ಜೊತೆ ಹೋಗಿ ಸೋಬಾ ತಿಂದಳು.

ಜೂನ್‌ನಲ್ಲಿ ಅವಳು ಮೈಸೂರಿಗೆ ಹೋದಳು. ಭುವನ್ ಬೆಂಗಳೂರು ವಿಮಾನ ನಿಲ್ದಾಣಕ್ಕೇ ಕಾರು ತಂದಿದ್ದ. ತುಂಬಾ ಇಳಿದುಹೋಗಿದ್ದ. ದಾರಿಯಲ್ಲಿ ಕೆಲಸ, ಟ್ರಾಫಿಕ್, ಜಪಾನಿನ ಹವೆ ಎಂದು ಏನೇನೋ ಮಾತಾಡಿದ. ಅಮ್ಮನ ಹೆಸರು ಎತ್ತಲಿಲ್ಲ. ಅವನ ಹೆಂಡತಿ ನೇಹಾ ಮನೆಯಲ್ಲಿ ಕುಮುದಾಳಿಗೆ ಮೆಲ್ಲಗೆ ಹೇಳಿದಳು: "ಮದ್ವೆ ಫೋಟೋ ಒಂದೂ ನೋಡಿಲ್ಲ ಚಿಕ್ಕಮ್ಮ. ನಂಗೂ ನೋಡೋಕೆ ಬಿಟ್ಟಿಲ್ಲ. ನಮ್ಮ ಆ್ಯನಿವರ್ಸರಿ ದಿನ ಇಡೀ ದಿನ ಹೊರಗಡೆನೇ ಇದ್ದ."

ಮರುದಿನ ಬೆಳಗ್ಗೆ ಭುವನ್ ಮಹಡಿಯ ಮೇಲೆ ಒಗೆದ ಬಟ್ಟೆ ಹರವುತ್ತಿದ್ದ. ಕುಮುದಾ ಹೋಗಿ ಜೊತೆಗೆ ಹಿಂಡಿ ಹಿಂಡಿ ಕೊಟ್ಟಳು.

ಇದ್ದಕ್ಕಿದ್ದಂತೆ ಅವನೇ ಅಂದ: "ಡೇಟ್ ಮುಂದಕ್ಕೆ ಹಾಕೋಣ ಅಂತ ಅಪ್ಪ ಹೇಳಿದ್ರು ಚಿಕ್ಕಮ್ಮ. ನಾನೇ ಬೇಡ ಅಂದೆ. ಹಾಲ್ ಬುಕ್ ಆಗಿದೆ ಅಂದೆ. ಗೊತ್ತಾ ನಿಮ್ಗೆ?"

"ಗೊತ್ತಿರ್ಲಿಲ್ಲ."

"ಎಲ್ಲಾರೂ ನಿನ್ನ ತಪ್ಪಲ್ಲ ಅಂತಾರೆ. ನೀವೂ ಅದನ್ನೇ ಹೇಳ್ತೀರ."

ಆ ಮಾತು ಅವಳ ನಾಲಗೆಯ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿದಳು. ಬಕೆಟ್ಟಿನಿಂದ ಇನ್ನೊಂದು ಟವೆಲ್ ತೆಗೆದು ಕೊಡವಿದಳು.

"ಮದ್ವೆ ದಿನ ನಂಗೆ ಸರಿಯಾಗಿ ಕಾಣ್ಲಿಲ್ಲ ಭುವನ್. ನೆಟ್‌ವರ್ಕ್ ಕಟ್ಟಾಗ್ತಿತ್ತು. ಬೆಳಗ್ಗೆಯಿಂದ ಹೇಳು. ಅಕ್ಕ ಎಷ್ಟೊತ್ತಿಗೆ ಎದ್ಲು? ಏನ್ ಮಾಡಿದ್ಲು?"

ಅವನು ಅವಳನ್ನೇ ನೋಡಿದ. ತಮಾಷೆಯೋ, ನಿಜವೋ ಎಂಬಂತೆ. ಕೈಯಲ್ಲಿದ್ದ ಅಂಗಿಯಿಂದ ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ನಾಲ್ಕು ಗಂಟೆಗೆ," ಎಂದ ಕೊನೆಗೆ. "ನಾಲ್ಕು ಗಂಟೆಗೇ ಎದ್ದು ಎಲ್ಲಾರ್ನೂ ಎಬ್ಬಿಸಿಬಿಟ್ಲು. ಓಲಗದವ್ರು ಇನ್ನೂ ಬಂದಿರ್ಲಿಲ್ಲ. ಅವ್ರಿಗೆ ಫೋನ್ ಮಾಡಿ ಬೈತಿದ್ಲು..." ಅವನ ಬಾಯಿಯ ಅಂಚು ನಡುಗಿ, ನಗುವಿಗೆ ತಿರುಗಿತು. "ಬೈತಾ ಬೈತಾನೇ ನನ್ನ ಹಣೆಗೆ ಅರಿಶಿನ ಹಚ್ತಿದ್ಲು ಚಿಕ್ಕಮ್ಮ. ಫೋನ್‌ಗೂ ಅರಿಶಿನ ಮೆತ್ತಿಕೊಂಡಿತ್ತು."

ಕುಮುದಾ ಮಹಡಿಯ ಕಟ್ಟೆಯ ಮೇಲೆ ಕೂತಳು. ಪಕ್ಕದಲ್ಲಿ ಜಾಗ ಬಿಟ್ಟಳು. ಭುವನ್ ಅಂಗಿಯನ್ನು ತಂತಿಯ ಮೇಲೆ ಎಸೆದು, ಬಂದು ಕೂತು, ಮುಂದಕ್ಕೆ ಹೇಳತೊಡಗಿದ.